ಯಶೋದಮ್ಮನ ಬಾಣಲೆ

ಎಚ್ಚರವಾದಾಗ ನೀಲಾಂಬಿಕೆಗೆ ಹಸಿವಾಗಿತ್ತು. ಕಣ್ಣು ಮುಚ್ಚಿಕೊಂಡೇ ಅದು ಹಸಿವೇ ಹೌದೋ ಅಲ್ಲವೋ ಎಂದು ನೋಡಿಕೊಂಡಳು. ಹಸಿವೇ. ಇಷ್ಟು ದಿನ ಯಾರೋ ತಟ್ಟೆ ತಂದು ಮುಂದಿಡುತ್ತಿದ್ದರು, ಯಾರೋ ಎರಡು ತುತ್ತು ತಿನ್ನು ಎನ್ನುತ್ತಿದ್ದರು, ತಿಂದದ್ದು ಎಲ್ಲಿಗೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ನಿನ್ನೆ ತೀರಿಹೋದ ಗಂಡನ ಹೆಸರಿನ ಶಿವಗಣಾರಾಧನೆ ಮುಗಿಯಿತು. ತಿಪಟೂರಿನ ನೆಂಟರು ಸಂಜೆಯ ಬಸ್ಸು ಹಿಡಿದರು, ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದರು, ಭಾವ ಸೋಮಲಿಂಗಪ್ಪ ಮಹಾಲಕ್ಷ್ಮಿ ಲೇಔಟಿನ ತಮ್ಮ ಮನೆಗೆ ಹೋದರು. ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ಅವಳು. ಇವತ್ತು ಯಾರೂ ಅಳಬೇಕಾದ ದಿನವಲ್ಲ. ಬೀದಿಯ ಕೊಳಾಯಿಗೆ ಬಿಂದಿಗೆ ಇಡುವ ಸದ್ದು ಕೇಳಿಸುತ್ತಿತ್ತು. ಇಂಡಸ್ಟ್ರಿಯಲ್ ಎಸ್ಟೇಟಿನ ಬೆಳಗಿನ ಪಾಳಿಗೆ ಹೋಗುವವರ ಸೈಕಲ್ಲುಗಳು ಗಂಟೆ ಬಾರಿಸಿಕೊಂಡು ಹೋಗುತ್ತಿದ್ದವು. ಅವುಗಳಲ್ಲಿ ಒಂದು ಕಡಿಮೆಯಾಗಿದೆ ಎಂದು ಸದ್ದಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗಬೇಕಿತ್ತು ಎಂದು ಅವಳಿಗೆ ಸಿಟ್ಟು ಬಂತು. ಆಮೇಲೆ ಸಿಟ್ಟು ಹಸಿವಿನ ಮೇಲೆ ತಿರುಗಿತು. ಗಂಡನನ್ನು ಮಣ್ಣಿಗೆ ಕೊಟ್ಟು ಬಂದ ಹೆಂಗಸಿನ ಹೊಟ್ಟೆ ಇಷ್ಟು ಬೇಗ ಎದ್ದು ಕೂರಬಾರದು ಎಂದು ಹೇಳುವ ಬಾಯಿಗಳೆಲ್ಲ ನಿನ್ನೆಯೇ ಬಸ್ಸು ಹತ್ತಿದ್ದರೂ ಮಾತು ಇಲ್ಲೇ ಉಳಿದಿತ್ತು. ದೊಡ್ಡತ್ತೆಯೊಬ್ಬರು ನಡುಮನೆಯಲ್ಲಿ ಕೂತು, ಊಟದ ಮೇಲೇ ಎಂ.ಎಸ್ಸಿ. ಓದಿದಾಳಂತೆ, ಗಂಡನ್ನ ಉಳಿಸ್ಕೊಳ್ಳೋದು ಮಾತ್ರ ಕಲೀಲಿಲ್ಲ, ಎಂದಿದ್ದರು. ಕಾರ್ಡ್ ರೋಡಿನಲ್ಲಿ ಲಾರಿ ಸೈಕಲ್ಲಿಗೆ ಗುದ್ದಿದರೆ ಆಹಾರಶಾಸ್ತ್ರ ಏನು ಮಾಡಬೇಕಿತ್ತು ಎಂದು ಕೇಳಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ. ಕೇಳದ್ದು ಈಗ ಹಸಿವಿನ ಪಕ್ಕದಲ್ಲೇ ಮಲಗಿತ್ತು.

ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಅಡಿಗೆಮನೆಗೆ ಬಂದಳು. ಅತ್ತೆ ಜಗದಾಂಬಾ ಬಚ್ಚಲ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ಬಾಣಲೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ದಿನಾ ಪಾತ್ರೆ ತೊಳೆಯುವ ಕೆಲಸ ಅವರದಲ್ಲ. ತಿಕ್ಕುವುದು, ನೀರು ಹಾಕುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ತಿಕ್ಕುವುದು. ಗೋಡೆಯ ಹಲಗೆಯ ಮೇಲೆ ಸ್ಟೀಲು ಪಾತ್ರೆಗಳು ಒಂದರ ಪಕ್ಕ ಒಂದು ಹೊಳೆಯುತ್ತಿದ್ದವು. ಅತ್ತೆಯ ಹೆಮ್ಮೆ ಅದು. ರಾಜಾಜಿನಗರದ ಮನೆಗೆ ಬಂದ ಮೇಲೆ ಊರಿನಿಂದ ತಂದಿದ್ದ ಕಬ್ಬಿಣದ ಕಾವಲಿ, ಸಟ್ಟುಗ, ಬಾಣಲೆ ಎಲ್ಲವನ್ನೂ ಬಾಗಿಲಿಗೆ ಬರುವ ಪಾತ್ರೆಯವಳಿಗೆ ಕೊಟ್ಟು ಬದಲಿಗೆ ಸ್ಟೀಲು ತಗೊಂಡಿದ್ದರು. ಆ ಕರಿ ಸಾಮಾನು ನೋಡಿದರೆ ಹಟ್ಟಿ ನೆನಪಾಗುತ್ತೆ ಎನ್ನುತ್ತಿದ್ದರು. ಈ ಒಂದು ಬಾಣಲೆಯನ್ನು ಮಾತ್ರ ಒಳಗೆ ಬಿಟ್ಟುಕೊಂಡಿದ್ದರು, ಯಾಕೆಂದರೆ ಅದನ್ನು ಮಗ ರೇವಣಸಿದ್ದಪ್ಪ ತನ್ನ ಫ್ಯಾಕ್ಟರಿಯಲ್ಲಿ ಉಳಿದ ತಗಡಿನಿಂದ ಬಡಿದು ಮಾಡಿಸಿ ತಂದದ್ದು. ಹಾಗೆಂದು ಅವನು ಹೇಳಿದ್ದ. ಸೊಸೆ ಬಂದದ್ದನ್ನು ನೋಡಿ ಅತ್ತೆ ತಲೆ ಎತ್ತಲಿಲ್ಲ. ಇನ್ನು ಮೇಲೆ ಇದನ್ನ ಒಲೆ ಮೇಲೆ ಇಡೋದು ಬೇಡ, ಎಂದರು. ನನ್ನ ಮಗನ ಕೈಯದು. ದೇವರ ಕೋಣೆಯ ಮೂಲೇಲಿ ಇಡ್ತೀನಿ.

ನೀಲಾ ಬೂದಿನೀರು ಇಳಿದ ಬಾಣಲೆಯ ಕಪ್ಪನ್ನೇ ನೋಡುತ್ತ ನಿಂತಳು. ಅದು ತಗಡಿನದಲ್ಲ, ಬೆರಳಿನಷ್ಟು ದಪ್ಪ. ನೋಡುವ ಕಣ್ಣಿಗೆ ಇದು ಅಜ್ಜಿಯ ಕಾಲದ್ದೆಂದು ತಿಳಿಯುವಂಥದು. ಮಗ ಹೇಳಿದ ಮೇಲೆ ತಾಯಿ ಕಣ್ಣಿನಿಂದ ನೋಡಲಿಲ್ಲ. ಈ ಬಾಣಲೆ ಬರುವ ಮೊದಲು ನೀಲಾ ಕದ್ದು ಬಳಪ ತಿನ್ನುತ್ತಿದ್ದದ್ದು ಈ ಅಡಿಗೆಮನೆಯ ಪಕ್ಕದ ಕೋಣೆಯಲ್ಲೇ. ಅಕ್ಕಿಮೂಟೆಯ ಹಿಂದೆ ನಿಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಮಕ್ಕಳ ಸ್ಲೇಟಿಗೆ ಬರೆಯುವ ಬಳಪವನ್ನು ಕಟಕ್ಕೆಂದು ಮುರಿದು ಅಗಿಯುತ್ತಿದ್ದಳು. ಬಳಪ ಮುಗಿದರೆ ಹಸಿ ಅಕ್ಕಿ. ಹಸಿಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಹೀಗೆ ಮಣ್ಣು, ಬಳಪ ತಿನ್ನಬೇಕೆನಿಸುವುದು ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರ ಲಕ್ಷಣ ಎಂದು ಅವಳು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು. ಕೆಂಗೇರಿ ಕಡೆಯ ಹಳ್ಳಿಗಳಲ್ಲಿ ಆಹಾರ ಸಮೀಕ್ಷೆಗೆ ಹೋಗಿ, ಹೆಂಗಸರ ಬೆರಳು ಚುಚ್ಚಿ ರಕ್ತ ತೆಗೆದು, ನೀವು ಮಣ್ಣಿನ ಹೆಂಟೆ ತಿನ್ನುತ್ತೀರಾ ಎಂದು ಮೆತ್ತಗೆ ಕೇಳಿ, ಅವರು ನಾಚಿದಾಗ ನಾಚಿಕೆ ಬೇಡ ಎಂದು ಹೇಳಿ ಬರುವವಳು. ತಾನು ಮಾತ್ರ ಮೂಟೆಯ ಹಿಂದೆ ನಿಂತಳು. ಒಂದು ದಿನ ಸಮೀಕ್ಷೆಯಲ್ಲಿ ಉಪಕರಣ ಸರಿಯಾಗಿದೆಯೇ ನೋಡಲು ತನ್ನದೇ ಬೆರಳು ಚುಚ್ಚಿಕೊಂಡಾಗ ಬಂದ ಅಂಕಿಯನ್ನು ಅಲ್ಲಿನ ಮೇಲಧಿಕಾರಿ ಎಲ್ಲರೆದುರು ಓದಿ, ಏನ್ರೀ, ನಿಮ್ಮನ್ನೇ ಮೊದಲು ಸಮೀಕ್ಷೆ ಮಾಡ್ಬೇಕಲ್ಲ, ಎಂದು ನಕ್ಕರು. ಸಾಲಿನಲ್ಲಿ ಕಾಯುತ್ತಿದ್ದ ಹಳ್ಳಿಯ ಹೆಂಗಸರೂ ನಕ್ಕರು. ಅವರಿಗಿಂತ ಅವಳ ರಕ್ತ ತಿಳಿಯಾಗಿತ್ತು. ಮನೆಯಲ್ಲಿ ಗಂಡನ ಊಟ, ಅತ್ತೆಯ ಊಟ, ಆಮೇಲೆ ತಳ ಕೆರೆದದ್ದು ಅವಳ ಊಟ. ಸೊಪ್ಪಿನ ಪಲ್ಯ ಅಲ್ಲಿಯವರೆಗೆ ಉಳಿಯುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಟ್ಟೆ ಮುಂದಕ್ಕೆ ಚಾಚಿರಲಿಲ್ಲ.

ರೇವಣಸಿದ್ದಪ್ಪ ಅವಳನ್ನು ಅಕ್ಕಿಮೂಟೆಯ ಹಿಂದೆ ಹಿಡಿದದ್ದು ಒಂದು ಭಾನುವಾರ. ತುಟಿಯ ಮೇಲೆ ಬಿಳಿ ಪುಡಿ. ಅವನು ಬೈಯಲಿಲ್ಲ, ನಗಲಿಲ್ಲ, ಕೈ ಚಾಚಿ ಒಂದು ತುಂಡು ಇಸಕೊಂಡು ಬಾಯಿಗೆ ಹಾಕಿಕೊಂಡು ಅಗಿದು ನೋಡಿ, ಥೂ, ಇದರಲ್ಲೇನಿದೆ ಅಂತ ತಿಂತೀಯೇ, ಎಂದ. ಆಮೇಲೆ ಹಿತ್ತಲಿನ ಬೆಳಕಿಗೆ ಕರೆದುಕೊಂಡು ಹೋಗಿ ಎಲ್ಲ ಕೇಳಿದ. ಮಾತ್ರೆ ತಗೊಂಡರೆ ಹೊಟ್ಟೆ ತೊಳಸಿ ಕೆಲಸಕ್ಕೆ ಹೋಗಲಾಗುವುದಿಲ್ಲ ಎಂದಳು. ಮಾತ್ರೆ ಬಿಟ್ಟು ನಿನ್ನ ಪುಸ್ತಕದಲ್ಲಿ ಇನ್ನೇನಿದೆ ಎಂದ. ಸೊಪ್ಪು, ಹುರುಳಿ, ರಾಗಿ, ಮತ್ತೆ ಕಬ್ಬಿಣದ ಪಾತ್ರೆ ಎಂದಳು. ಹುಳಿ ಹಾಕಿದ ಅಡಿಗೆ ಕಬ್ಬಿಣದಲ್ಲಿ ಬೆಂದರೆ ಪಾತ್ರೆಯೇ ಒಂದಿಷ್ಟು ಕರಗಿ ಊಟಕ್ಕೆ ಇಳಿಯುತ್ತೆ. ಬೇಕಾಗಿರೋದು ಬಹಳ ಕಮ್ಮಿ, ಕಣ್ಣಿಗೆ ಕಾಣದಷ್ಟು. ಆದರೆ ಅಷ್ಟಿಲ್ಲದಿದ್ದರೆ ಎದೆ ಬಡಿದುಕೊಳ್ಳುತ್ತೆ, ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತೆ, ಮನಸ್ಸು ಯಾವ ಕೆಲಸದ ಮೇಲೂ ನಿಲ್ಲೋದಿಲ್ಲ. ಅವನು ಅಡಿಗೆಮನೆಯ ಸ್ಟೀಲು ಪಾತ್ರೆಗಳ ಹಲಗೆಯ ಕಡೆ ನೋಡಿದ. ವಾರದೊಳಗೆ ಒಂದು ಮುಸ್ಸಂಜೆ, ಸಾಲುಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯಿಂದ, ಗೋಣಿಚೀಲದಲ್ಲಿ ಸುತ್ತಿಕೊಂಡು ಈ ಬಾಣಲೆ ತಂದ. ಹಾಲು ಕೊಡುವ ಯಶೋದಮ್ಮನನ್ನು ಕೇಳಿ ತಂದದ್ದೆಂದು ಅವಳಿಗೊಬ್ಬಳಿಗೇ ಹೇಳಿದ. ಲೇಔಟು ಬರುವ ಮೊದಲಿಂದ ಕೇತಮಾರನಹಳ್ಳಿಯಲ್ಲಿದ್ದ ಒಕ್ಕಲು ಮನೆ ಅವರದು. ಹೊಲ ಹೋಗಿ ಹಸು ಉಳಿದಿದ್ದವು. ಹಬ್ಬಕ್ಕೆ ಕುರಿಮಾಂಸದ ಬಾಡು ಬೇಯುತ್ತಿದ್ದದ್ದು ಅದೇ ಬಾಣಲೆಯಲ್ಲಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಅದನ್ನು ಹಿತ್ತಲಲ್ಲಿ ಕೂತು ಮರಳು ಹಾಕಿ ತಾನೇ ಉಜ್ಜಿದ, ಕುದಿನೀರು ಹಾಕಿದ. ಅವಳ ಕೊರಳಲ್ಲೂ ಲಿಂಗವಿತ್ತು. ಬೇಡ ಎನ್ನಬೇಕಿತ್ತೋ ಏನೋ. ಎನ್ನಲಿಲ್ಲ, ಎನ್ನಬೇಕೆಂದು ಅನಿಸಲೂ ಇಲ್ಲ. ದಂಟಿನ ಸೊಪ್ಪು ಅದರಲ್ಲಿ ಕರ್ರಗೆ ಬೆಂದಿತು. ಇದೇನು ಈ ಬಣ್ಣ ಎಂದು ಅತ್ತೆ ಗೊಣಗಿದರು, ರುಚಿ ಇದೆ ಎಂದು ಎರಡನೇ ಸಲ ಹಾಕಿಸಿಕೊಂಡರು. ಅವತ್ತಿನಿಂದ ರೇವಣಸಿದ್ದಪ್ಪ ಊಟಕ್ಕೆ ಕೂತಾಗ, ನೀನೂ ಹಾಕ್ಕೊಂಡು ಕೂತ್ಕೋ, ನಂಗೆ ಒಬ್ಬನೇ ತಿನ್ನೋಕೆ ಬೇಜಾರು, ಎಂದು ತಾಯಿಗೆ ಕೇಳಿಸುವ ಹಾಗೆ ಹೇಳತೊಡಗಿದ. ಭಾನುವಾರಗಳಲ್ಲಿ ಹಿತ್ತಲಿನ ಬೆಳಕಿನಲ್ಲಿ ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ಒಳಗಿನ ಬಣ್ಣ ನೋಡುತ್ತಿದ್ದ. ಅವಳೇ ಕಲಿಸಿದ್ದು. ಹೋದ ವಾರಕ್ಕಿಂತ ಕೆಂಪು ಕಣೇ, ಎನ್ನುತ್ತಿದ್ದ, ತಾನೇ ಬಣ್ಣ ಹಚ್ಚಿದವನ ಹಾಗೆ. ಬಳಪದ ಆಸೆ ಯಾವತ್ತು ಹೋಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಒಂದು ದಿನ ಕೋಣೆಯಲ್ಲಿ ಅಕ್ಕಿ ತೆಗೆಯುವಾಗ ಅದು ಇಲ್ಲ ಎಂಬುದು ನೆನಪಾಯಿತು, ಅಷ್ಟೆ. ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತೆ ಎಂದು ಅವಳು ಮಾತಿಗೆ ಹೇಳಿದ್ದಳು. ಲಾರಿ ಗುದ್ದಿದ ಆ ಸಂಜೆ ಅವನು ಸೈಕಲ್ಲಿನಲ್ಲಿ ಹೋದದ್ದು ನಿಂಬೆಹಣ್ಣಿಗೆ. ಪೊಲೀಸಿನವರು ತಂದುಕೊಟ್ಟ ಚೀಲದಲ್ಲಿ ನಿಂಬೆಹಣ್ಣು ಇದ್ದವು, ಒಂದೂ ಒಡೆದಿರಲಿಲ್ಲ. ಅತ್ತೆ ಅವನ್ನು ನೋಡಿದ್ದರು. ಯಾರಿಗೆ ಎಂದು ಕೇಳಿರಲಿಲ್ಲ.

ಹಿತ್ತಲ ಬಾಗಿಲಿನಲ್ಲಿ ಹಾಲಿನ ಕ್ಯಾನು ಇಟ್ಟ ಸದ್ದಾಯಿತು. ಯಶೋದಮ್ಮ ಎಂದಿನಂತೆ ಹೊಸ್ತಿಲಿನ ಆಚೆಯೇ ನಿಂತಿದ್ದಳು. ಜನ ತುಂಬಿದ್ದಾಗ ಅವಳು ಹಾಲು ಇಟ್ಟು ಸುಮ್ಮನೆ ಹೋಗುತ್ತಿದ್ದಳು. ಇವತ್ತು ಮನೆ ಬರಿದಾಗಿರುವುದನ್ನು ಕಂಡು ಅವಳಿಗೆ ಅಳು ಬಂತು. ಮೂಗು ಒರೆಸಿಕೊಂಡು, ಅತ್ತೆಯ ಕೈಯಲ್ಲಿದ್ದುದನ್ನು ನೋಡಿ, ಅದರ ಮೇಲೇ ಮಾತು ತೆಗೆದಳು.

"ಇದನ್ನ ಕೇಳೋಕೆ ಬಂದಾಗ ಆವಯ್ಯನ ಮುಖ ನೋಡ್ಬೇಕಿತ್ತು ಜಗದಾಂಬಮ್ಮ. ಕಳ್ಳ ಬೆಕ್ಕು ನಿಂತಂಗೆ ನಿಂತಿದ್ದ. ನಮ್ಮನೇವ್ಳಿಗೆ ರಕ್ತ ಇಲ್ಲ ಯಶೋದಮ್ಮ, ನಿಮ್ಮ ಬಾಣ್ಲಿ ಕೊಡಿ ಅಂದ. ಬಾಡು ಬೇಯ್ಸಿರೋದು ಕಣಪ್ಪ ಅಂದೆ. ಗೊತ್ತು ಕೊಡಿ ಅಂದ. ನಿಧಾನಕ್ಕೆ ವಾಪಸ್ ಕೊಡಿ ತಾಯಿ, ನಂಗೇನು ಅವಸರ ಇಲ್ಲ."

ಅತ್ತೆಯ ಕೈ ನಿಂತಿತು. ನೀಲಾ ಯಶೋದಮ್ಮನನ್ನು ನೋಡಿದಳು. ಯಶೋದಮ್ಮ ಇಬ್ಬರನ್ನೂ ನೋಡಿ, ತಾನು ಆಡಿದ್ದು ಏನೆಂದು ಅರ್ಥವಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕ್ಯಾನು ಎತ್ತಿಕೊಂಡು ಅವಳು ಹೊರಟುಹೋದ ಮೇಲೆ ಅತ್ತೆ ಎದ್ದರು. ಕೈಯನ್ನು ಮೊಳಕೈವರೆಗೆ ತೊಳೆದರು. ಕಟ್ಟಿಗೆಯ ತುಂಡಿನಿಂದ ಬಾಣಲೆಯ ಕಿವಿಯನ್ನು ಎತ್ತಿ ಹಿತ್ತಲಿಗೆ ಎಸೆದರು. ಅದು ಬಟ್ಟೆಕಲ್ಲಿಗೆ ತಾಗಿ ತಿರುಗಿ ತಿರುಗಿ ಬಿತ್ತು. ಆಮೇಲೆ ಬಾಗಿಲಿನ ಕಂಬ ಹಿಡಿದು ಕೂತರು. ಅವರ ಮುಖದಲ್ಲಿ ನೀಲಾ ಹೇಸಿಗೆಯನ್ನು ಹುಡುಕಿದಳು, ಕಂಡದ್ದು ಬೇರೆ. ಮಗನ ಕೈಯದೆಂದು ಇಟ್ಟುಕೊಳ್ಳಲು ಇದ್ದ ಒಂದೇ ಒಂದು ವಸ್ತು ಮಗನ ಕೈಯದಲ್ಲ. ಮರುಕ ಬಂತು, ಹತ್ತಿರ ಹೋಗಿ ಕೂರಬೇಕೆನಿಸಿತು. ಅಷ್ಟರಲ್ಲಿ ಅತ್ತೆ ಬಾಯಿ ತೆರೆದರು. ಲಿಂಗ ಪೂಜೆ ಆಗೋ ಮನೆಗೆ ಅದು ಬಂತು, ನನ್ನ ಮಗ ಹೋದ, ಎಂದರು. ಲಾರಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ಹತ್ತಿರ ಹೋಗಲು ಎತ್ತಿದ ಕಾಲನ್ನು ನೀಲಾ ಇದ್ದಲ್ಲೇ ಇಟ್ಟಳು. ಅಡಿಗೆಮನೆಗೆ ಹೋಗಿ ರಾತ್ರಿಯ ರಾಗಿಮುದ್ದೆ ಮುರಿದು ಮಜ್ಜಿಗೆಗೆ ಹಾಕಿ, ಒಲೆಯ ಮುಂದೆ ಕೂತು, ಅತ್ತೆಗೆ ಕಾಣುವ ಹಾಗೆಯೇ ತಿಂದಳು. ಕೊನೆಯ ತುತ್ತನ್ನೂ ಬಿಡಲಿಲ್ಲ.

ಅತ್ತೆ ಎದುರು ಮನೆಯವರ ಕೈಲಿ ಹೇಳಿಕಳುಹಿಸಿದ್ದರಿಂದ ಸಂಜೆ ಆಫೀಸು ಬಿಟ್ಟೊಡನೆ ಸೋಮಲಿಂಗಪ್ಪ ಬಂದರು. ಜೊತೆಗೆ ಮನೆತನದ ಅಯ್ಯನವರು ಗುರುಸಿದ್ದಯ್ಯ. ಸಮಾಧಿಯ ಕ್ರಿಯೆ ಮಾಡಿಸಿದವರು ಅವರೇ. ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದ್ದಾಯಿತು. ಅತ್ತೆ ಎಲ್ಲವನ್ನೂ ಹೇಳಿದರು, ಹೇಳುತ್ತ ಹೇಳುತ್ತ ಬಾಣಲೆ ದೊಡ್ಡದಾಯಿತು, ಅದರಲ್ಲಿ ಬೆಂದ ಕುರಿಗಳು ಹೆಚ್ಚಾದವು. ಗುರುಸಿದ್ದಯ್ಯ ಕಣ್ಣು ಮುಚ್ಚಿ ಕೇಳಿದರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಅದು ಶಾಸ್ತ್ರ, ಬೆಂಕಿಗೆ ಬಿದ್ದ ಕಬ್ಬಿಣಕ್ಕೆ ಮೈಲಿಗೆ ಎಲ್ಲಿಂದ ಬರಬೇಕು ಎಂದರು. ಅತ್ತೆಯ ಮುಖ ನೋಡಿ, ಆದರೂ ಹಿರಿಯರ ಮನಸ್ಸಿಗೆ ಸಮಾಧಾನ ಅಂತ ಒಂದಿದೆಯಲ್ಲ, ಎಂದು ಸೇರಿಸಿದರು. ಒಂದು ಸಣ್ಣ ಪೂಜೆ, ಪಾದೋದಕ, ತಪ್ಪು ಮಾಡಿದವರು ತಪ್ಪಾಯಿತು ಎಂದರೆ ಮುಗಿಯಿತು. ಸೋಮಲಿಂಗಪ್ಪ ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ, ಆಸ್ಪತ್ರೆಯಲ್ಲಿ ತಮ್ಮನ ಗುರುತು ಹಿಡಿದು ಬಂದವರು, ಅವಳ ಕೆಲಸ ಬಿಡಿಸಬೇಡಿ ಎಂದು ನೆಂಟರ ಮುಂದೆ ಹೇಳಿದವರು. ಅವರು ಮೆತ್ತಗೆ, ಮಗಳಿಗೆ ಹೇಳುವಂತೆ ಹೇಳಿದರು.

"ಸತ್ತವನ ತಲೆ ಮೇಲೆ ಯಾಕಮ್ಮ? ಅಮ್ಮನಿಗೆ ಸುಳ್ಳು ಹೇಳಿ ಬಾಡಿನ ಪಾತ್ರೆ ತಂದ ಅಂತ ಅವನ ಹೆಸರಿಗೆ ಯಾಕೆ ಬರ್ಬೇಕು? ನಾನೇ ತಂದೆ, ಅವರಿಗೆ ಗೊತ್ತಿರ್ಲಿಲ್ಲ ಅಂದ್ಬಿಡು. ಒಂದು ಮಾತು."

ಒಂದು ಮಾತು. ಅವಳು ಆ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿದಳು. ಕಷ್ಟವಾಗಲಿಲ್ಲ. ತ್ಯಾಗದಂತೆ ಕಾಣುತ್ತಿತ್ತು, ಒಳ್ಳೆಯ ಹೆಂಡತಿ ಮಾಡುವಂಥದು. ನಾಳೆಯಿಂದ ಅತ್ತೆ ಮಾತಾಡಿಸುತ್ತಾರೆ, ಮನೆಯಲ್ಲಿ ಒಲೆ ಹೊತ್ತುತ್ತದೆ, ಅವಳು ಕೆಲಸಕ್ಕೆ ಹೋಗುತ್ತಾಳೆ. ತನ್ನ ಮಾತಿಗೆ ಅವನು ತರಲು ಹೋದ ನಿಂಬೆಹಣ್ಣಿನ ಬೆಲೆಯನ್ನೂ ತೆತ್ತಂತಾಗುತ್ತದೆ. ಯಾರಿಗೂ ಹೇಳದೆ ಅವಳು ತನಗೆ ತಾನೇ ವಿಧಿಸಿಕೊಳ್ಳುತ್ತಿದ್ದ ಶಿಕ್ಷೆ ಇದಕ್ಕಿಂತ ದೊಡ್ಡದಾಗಿತ್ತು. ಆದರೆ ಬಟ್ಟೆಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮರಳಿನಿಂದ ಉಜ್ಜುತ್ತಿದ್ದ ಗಂಡಸಿನ ಬೆನ್ನು ಕಣ್ಣ ಮುಂದೆ ಬಂತು. ಜೀವನದಲ್ಲಿ ಒಂದು ಪಾತ್ರೆಯನ್ನೂ ತೊಳೆಯದವನು, ಎಲ್ಲಿ ಎಷ್ಟು ಉಜ್ಜಬೇಕೆಂದು ತಿಳಿಯದೆ ಹೊರಗಿನ ಮಸಿಯನ್ನೂ ತೆಗೆಯಲು ನೋಡಿದ್ದ, ಅಂಗಿಯೆಲ್ಲ ಕಪ್ಪಾಗಿತ್ತು. ಆ ಒಂದು ಮಾತು ಆಡಿದರೆ ಅಲ್ಲಿ ಅವನು ಕೂತಿರಲೇ ಇಲ್ಲ ಎಂದಾಗುತ್ತದೆ. ಮಣ್ಣಿಗೆ ಕೊಟ್ಟದ್ದು ದೇಹ. ಇದನ್ನೂ ಕೊಡು ಎಂದು ಕೇಳುತ್ತಿದ್ದಾರೆ, ಎಲ್ಲರೂ ಒಳ್ಳೆಯ ಮಾತಿನಲ್ಲಿ.

"ತಂದೋರು ಅವರು ಭಾವ," ಎಂದಳು. ದನಿ ಅವಳಿಗೇ ಅಪರಿಚಿತವಾಗಿತ್ತು, ಗಟ್ಟಿಯೂ ಅಲ್ಲ. "ನನಗೋಸ್ಕರ ತಂದ್ರು. ಅದು ತಪ್ಪಾಗಿದ್ರೆ ನನ್ನ ಮೇಲೆ ಹಾಕ್ಕೋತಿದ್ದೆ. ತಪ್ಪಲ್ಲ. ಒಳ್ಳೇದು ಮಾಡಿದ್ರು. ಅದನ್ನ ಅವರ ಹತ್ರದಿಂದ ನಾನು ಕಿತ್ಕೊಳ್ಳಲ್ಲ."

"ನನಗೆ ಸುಳ್ಳು ಹೇಳಿ ತಿನ್ನಿಸಿದ್ರಲ್ಲ," ಎಂದರು ಅತ್ತೆ. ಗೋಡೆಗೆ ಹೇಳಿದರು.

"ಹೂಂ ಅತ್ತೆ. ಸುಳ್ಳು ಹೇಳಿದ್ವಿ. ಅದಕ್ಕೆ ನಿಮ್ಮ ಕಾಲು ಹಿಡೀತೀನಿ, ಈಗಲೇ. ಬಾಣಲೆಗೆ ಹಿಡಿಯಲ್ಲ." ಅವಳು ನಿಜವಾಗಿಯೂ ಎದ್ದು ಹೋಗಿ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಬಗ್ಗಿದ್ದ ಹಾಗೇ ನೀಲಾ ಹೇಳಿದಳು, "ಹೋದ ವರ್ಷ ನೀವು ದೇವಸ್ಥಾನದ ಮೆಟ್ಟಿಲ ಮೇಲೆ ಮೂರು ಕಡೆ ಕೂರ್ತಿದ್ರಿ. ಈ ಶಿವರಾತ್ರೀಲಿ ಎಲ್ಲೂ ಕೂರಲಿಲ್ಲ. ಅದೂ ಅದರಲ್ಲಿ ಬೆಂದ ಸೊಪ್ಪೇ."

ಗುರುಸಿದ್ದಯ್ಯ ಕೆಮ್ಮಿದರು. ಹುಡುಗಿ ಹಟದವಳು ಎಂದು ಸೋಮಲಿಂಗಪ್ಪನಿಗೆ ಮೆಲ್ಲಗೆ ಅಂದದ್ದು ಅವಳಿಗೂ ಕೇಳಿಸಿತು. ಪೂಜೆ ಆಗಲಿಲ್ಲ. ಭಾವ ಚಪ್ಪಲಿ ಮೆಟ್ಟುವಾಗ, ನೀನು ಅವನ ಮಾನ ಉಳಿಸ್ಬೋದಿತ್ತು, ಎಂದರು. ಉಳಿಸಿದೀನಿ ಎಂದು ಅವಳು ಹೇಳಿದ್ದು ಗೇಟಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ.

ಮರುದಿನ ಬೆಳಗ್ಗೆ ಹಾಲು ಬರಲಿಲ್ಲ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಹಾಲಿಲ್ಲದ ಕಾಫಿ ಕುಡಿದರು. ನೀಲಾ ಹಿತ್ತಲಿಗೆ ಹೋಗಿ ಬಾಣಲೆಯನ್ನು ಎತ್ತಿ, ಬಟ್ಟೆಕಲ್ಲಿನ ಮೇಲೆ ಇಟ್ಟು ತೊಳೆದು, ತುಕ್ಕು ಹಿಡಿಯದಂತೆ ಒಂದು ಚೂರು ಎಣ್ಣೆ ಸವರಿದಳು. ಬಿದ್ದ ಕಡೆ ಒಂದು ಸಣ್ಣ ಗೀರು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಗೋಣಿಚೀಲ ಮೂಲೆಯಲ್ಲೇ ಇತ್ತು, ಅದನ್ನು ತೆಗೆದುಕೊಳ್ಳಲಿಲ್ಲ. ಎರಡೂ ಕಿವಿ ಹಿಡಿದು ನಡುಮನೆ ದಾಟಿ ಮುಂಬಾಗಿಲಿಗೆ ಬಂದಳು. ಹಿಂದಿನಿಂದ ಅತ್ತೆಯ ದನಿ ಬಂತು. ನಿನ್ನೆ ಸಂಜೆಯಿಂದ ಅವಳೊಡನೆ ಆಡಿದ ಮೊದಲ ಮಾತು.

"ನಿಲ್ಲು. ತಗೊಂಡ ಪಾತ್ರೇನ ಬರಿದಾಗಿ ವಾಪಸ್ ಕೊಡೋ ಪದ್ಧತಿ ಈ ಮನೇಲಿಲ್ಲ."

ಅತ್ತೆ ಬೆಲ್ಲದ ಡಬ್ಬಿಯೊಡನೆ ಬಂದರು. ಒಂದು ದೊಡ್ಡ ಉಂಡೆ ತೆಗೆದು, ಕೈಯನ್ನು ಬಾಣಲೆಯಿಂದ ಒಂದು ಮೊಳ ಮೇಲೆ ಹಿಡಿದು, ಬಿಟ್ಟರು. ಬೆಲ್ಲ ಕಬ್ಬಿಣಕ್ಕೆ ಬಡಿದ ಸದ್ದು ನಡುಮನೆಯೆಲ್ಲ ತುಂಬಿತು. ಅವರು ನೀಲಾಳ ಮುಖ ನೋಡದೆ ಒಳಗೆ ಹೋದರು. ಇದನ್ನು ಕ್ಷಮೆ ಎಂದುಕೊಳ್ಳಬೇಕೋ ಅಹಂಕಾರ ಎಂದುಕೊಳ್ಳಬೇಕೋ ಅವಳು ಯೋಚಿಸಲಿಲ್ಲ. ಗೇಟು ತೆಗೆದು ಬೀದಿಗೆ ಇಳಿದಳು.

ಕೊಳಾಯಿಯ ಹತ್ತಿರ ಬಿಂದಿಗೆಗಳ ಸಾಲಿತ್ತು. ಗಂಡ ಹೋದ ಮೇಲೆ ಅವಳು ಬೀದಿಗೆ ಬಂದದ್ದು ಇದೇ ಮೊದಲು. ಮಾತು ತಟಕ್ಕನೆ ನಿಂತಿತು. ಕೊನೆಯ ಮನೆಯ ಲಕ್ಷ್ಮಿದೇವಮ್ಮ, ಏನಮ್ಮ ಅದು ಹೊತ್ಕೊಂಡು ಹೊರಟೆ, ಎಂದು ಕೇಳಿದರು, ಕೇಳಿದ ಮೇಲೆ ಕೇಳಬಾರದಿತ್ತೋ ಎಂಬಂತೆ ಬಿಂದಿಗೆ ಸರಿಸಿದರು. ಯಶೋದಮ್ಮನೋರ ಬಾಣಲೆ, ಎಂದಳು ನೀಲಾ, ಎಲ್ಲರಿಗೂ ಕೇಳುವ ಹಾಗೆ. ನನಗೆ ರಕ್ತ ಕಮ್ಮಿ ಇತ್ತು, ಇದರಲ್ಲಿ ಅಡಿಗೆ ಮಾಡ್ಕೊಂಡು ತಿಂದ್ವಿ, ಸರಿಹೋಯ್ತು, ವಾಪಸ್ ಕೊಡ್ತಾ ಇದೀನಿ. ಯಶೋದಮ್ಮನೋರದ್ದಾ, ಎಂದು ಯಾರೋ ರಾಗ ಎಳೆದರು. ಹೌದು, ಅವರದ್ದೇ, ಎಂದು ಅವಳು ತಿರುಗಿ ನೋಡಿಯೇ ಹೇಳಿದಳು. ನಿಮಗೂ ಮೆಟ್ಟಿಲು ಹತ್ತಿದ್ರೆ ಉಬ್ಬಸ ಬರೋದಾದ್ರೆ ಸ್ಟೀಲು ಬಿಟ್ಟು ಕಬ್ಬಿಣದಲ್ಲಿ ಬೇಯ್ಸಿ.

ಯಶೋದಮ್ಮ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದಳು. ನೀಲಾಳನ್ನು ಕಂಡು ಗಾಬರಿಯಾಗಿ, ಹಿಂದಿನಿಂದ ಬರಬಾರ್ದಾ ತಾಯಿ, ಜನ ನೋಡ್ತಾರೆ, ಎಂದಳು. ಕೈ ತೊಳೆದುಕೊಂಡು ಬಂದು, ನನ್ನ ಹಾಳು ಬಾಯಿ, ಎಂದು ತಲೆ ಚಚ್ಚಿಕೊಂಡಳು. ಬಾಣಲೆಯೊಳಗೆ ಇಣುಕಿ ನೋಡಿದಳು.

"ಬೆಲ್ಲ ಯಾರು ಹಾಕಿದ್ದು? ನಿಮ್ಮತ್ತೇನಾ?"

"ಹೂಂ."

"ಮುಟ್ಟಿದ್ರಾ?"

"ಇಲ್ಲ. ಮೇಲಿಂದ ಹಾಕಿದ್ರು."

ಯಶೋದಮ್ಮ ನಕ್ಕುಬಿಟ್ಟಳು, ನಗುವಾಗಲೇ ಕಣ್ಣು ಒದ್ದೆಯಾಯಿತು. ಆ ಹೆಂಗಸು ಬದಲಾಗಲ್ಲ ಬಿಡು, ಎಂದಳು. ಇನ್ನೊಂದಷ್ಟು ದಿನ ಇಟ್ಕೋ, ನಂಗೇನು ಇವತ್ತೇ ಹಬ್ಬ ಇಲ್ಲ. ನೀಲಾ ಬೇಡ ಎಂದಳು. ನನಗೆ ಬೇಕಾದ್ದನ್ನ ನಾನು ಚಿಕ್ಕಪೇಟೆಯಿಂದ ತಗೊಂಡು ಬರ್ತೀನಿ, ಇದು ನಾನು ಕೇಳಿ ತಗೊಂಡದ್ದಲ್ಲ. ನಾಳೆಯಿಂದ ಹಾಲು ಮುಂಬಾಗಿಲಿಗೇ ತಂದುಕೊಡಿ, ನಾನು ಇಸ್ಕೋತೀನಿ. ಯಶೋದಮ್ಮ ಬಾಣಲೆಯನ್ನು ತೆಗೆದುಕೊಂಡು ಸೊಂಟದ ಮೇಲಿಟ್ಟುಕೊಂಡಳು. ಕೊಳಾಯಿಯ ಕಡೆಯಿಂದ ಇಬ್ಬರು ಹೆಂಗಸರು ಬಿಂದಿಗೆ ಹೊತ್ತು ಬೇಕೆಂದೇ ಈ ದಾರಿಯಲ್ಲಿ ನಿಧಾನವಾಗಿ ಬರುತ್ತಿದ್ದರು. ಅವರನ್ನು ನೋಡಿ ಯಶೋದಮ್ಮ ದನಿ ತಗ್ಗಿಸಿದಳು.

"ಇನ್ನೊಂದು ಗಳಿಗೇಲಿ ಊರೆಲ್ಲ ಬಂದು ಕೇಳುತ್ತೆ. ಏನಂತ ಹೇಳ್ಲಿ?"

ಗಂಡನ ಹೆಸರನ್ನು ನೀಲಾ ಮನೆಯಲ್ಲೂ ಬೀದಿಯಲ್ಲೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಗಸರು ಹತ್ತಿರ ಬರುವವರೆಗೆ ಕಾದಳು.

"ರೇವಣಸಿದ್ದಪ್ಪ ಕೇಳಿ ತಗೊಂಡಿದ್ರು, ಅವರ ಹೆಂಡತಿ ತಂದುಕೊಟ್ಟಳು ಅಂತ ಹೇಳಿ," ಎಂದಳು.